ಒಂದು ನಿಮಿಷದ ಸೇತುವೆ

ಸಂಶೋಧಕಿ: ಹನ್ನೊಂದು ನಿಮಿಷದಿಂದ ಬಾಯಿ ಆಡಿಸ್ತಾನೇ ಇದ್ದಾನಲ್ಲ ತಾತ, ಇವನಿಗೆ ಗಂಟಲು ಒಣಗಲ್ವಾ?

ತಾತ: ಮೂಕಿ ಚಿತ್ರ ತಾಯಿ. ಕೇಳೋ ಕಷ್ಟ ಇಲ್ಲವಲ್ಲ, ಸಂತೋಷಪಡಿ.

ಮುಚ್ಚಿಹೋದ ಚಿತ್ರಮಂದಿರದ ಮೇಲಿನ ಕೋಣೆ. ರೀಲು ಸುತ್ತುವ ಮೇಜಿನ ಪುಟ್ಟ ಗಾಜಿನೊಳಗೆ ಉದ್ದ ಕೋಟಿನ ದೊಡ್ಡ ಮನುಷ್ಯನೊಬ್ಬ ಸದ್ದಿಲ್ಲದೆ ಭಾಷಣ ಬಿಗಿಯುತ್ತಿದ್ದ. ಹಿಡಿಕೆ ತಿರುಗಿಸುತ್ತಿದ್ದವರು ಆಪರೇಟರ್ ತಾತ. ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲದಲ್ಲಿ ಅವರಪ್ಪನೂ ಇದೇ ಕೋಣೆಯಲ್ಲಿ ಇದೇ ಕೆಲಸ ಮಾಡಿದವರು. ಸಂಶೋಧಕಿಗೆ ಬೇಕಾಗಿದ್ದದ್ದು ಒಂದೇ ಸಾಕ್ಷಿ: ಊರಿನ ಸೇತುವೆ ಕಟ್ಟಿದವರಲ್ಲಿ ಹೆಂಗಸರೂ ಇದ್ದರು ಎಂಬುದು. ಶುಕ್ರವಾರದೊಳಗೆ ತೋರಿಸದಿದ್ದರೆ ಪ್ರಬಂಧದಿಂದ ಆ ಅಧ್ಯಾಯವನ್ನೇ ಕಿತ್ತುಹಾಕಿ ಎಂದಿದ್ದರು ಅವಳ ಗೈಡು. ಮೂರು ವರ್ಷ ಅಲೆದು ಬರೆದ ಅಧ್ಯಾಯ.

ತಾತ: ಚಪ್ಪಾಳೆ ಬಿತ್ತು. ಸೇತುವೆಯ ಸುದ್ದಿಚಿತ್ರ ಇಷ್ಟೇ.

ಸಂಶೋಧಕಿ: ಇಷ್ಟೇನಾ? ಸೇತುವೆ ಎಲ್ಲಿ?

ತಾತ: ಅವನ ಬೆನ್ನ ಹಿಂದೆ ಇರಬೇಕು. ಆಸಾಮಿ ಸ್ವಲ್ಪ ಅಗಲ.

ಸಂಶೋಧಕಿ: ಡಬ್ಬಿ ಮೇಲೆ ಹನ್ನೆರಡು ನಿಮಿಷ ಅಂತಿದೆ. ಇನ್ನೊಂದು ನಿಮಿಷ?

ತಾತ: ಅಪ್ಪ ಕತ್ತರಿಸಿಕೊಂಡಿರ್ತಾರೆ.

ಸಂಶೋಧಕಿ: ಕತ್ತರಿಸೋದಾ!

ತಾತ: ಮತ್ತೆ? ಕಥೆ ಚಿತ್ರ ಹರಿದರೆ ತೇಪೆ ಬೇಕಲ್ವಾ? ಫಿಲ್ಮು ಗಿಡ್ಡವಾದರೆ ಕೆಳಗೆ ಕೂತು ಚಿತ್ರಕ್ಕೆ ತಕ್ಕಂತೆ ನುಡಿಸೋ ಪಿಟೀಲಿನವನ ರಾಗ ಉಳಿದುಬಿಡೋದು. ಅದಕ್ಕೇ ಸುದ್ದಿಚಿತ್ರದಿಂದ ಅಳತೆಗೆ ತಕ್ಕಷ್ಟು ತೆಗೆದು ಅಂಟಿಸೋರು.

ಸಂಶೋಧಕಿ: ಅಂಟಿಸೋದಾದರೆ ಭಾಷಣ ಅಂಟಿಸಬೇಕಿತ್ತು!

ತಾತ: ಜನ ಕುರ್ಚಿ ಮುರಿಯೋರು.

ಸಂಶೋಧಕಿ: ನಿಮ್ಮಪ್ಪ ಇತಿಹಾಸಕ್ಕೇ ಕತ್ತರಿ ಹಾಕಿಬಿಟ್ಟರಲ್ಲ ತಾತ!

ತಾತನ ಕೈ ಹಿಡಿಕೆಯ ಮೇಲೆಯೇ ನಿಂತಿತು.

ತಾತ: ಅಪ್ಪನ ಸುದ್ದಿಗೆ ಬರಬೇಡಿ. ಒಂದಂಗುಲ ಫಿಲ್ಮೂ ಬಿಸಾಡಿದವರಲ್ಲ ಅವರು.

ಸಂಶೋಧಕಿ: ಹಾಗಾದರೆ ಎಲ್ಲಿಗೆ ಅಂಟಿಸಿದರು, ಹೇಳಿ ನೋಡೋಣ.

ತಾತ: ಜಾಸ್ತಿ ಹರಿದಿದ್ದು ಆ ಪ್ರೇಮದ ಚಿತ್ರ. ನಾಯಕಿ ಕಿಟಕಿ ಹತ್ತಿರ ಅಳೋ ಸೀನು ಬಂದರೆ ಸಾಕು, ಜನ ‘ಒನ್ಸ್ ಮೋರ್’ ಅಂತ ಕಿರುಚೋರು. ಅಪ್ಪ ಹಿಂದಕ್ಕೆ ಸುತ್ತಿ ಮತ್ತೆ ಬಿಡೋರು. ಸುತ್ತೀ ಸುತ್ತೀ ಚಿಂದಿಯಾಯ್ತು.

ಇಬ್ಬರೂ ಕಪಾಟಿಗೆ ಮುಗಿಬಿದ್ದರು. ರೀಲು ಬಂತು, ಕಿಟಕಿ ಬಂತು, ಕಿಟಕಿಯಲ್ಲಿ ನಾಯಕಿ ಅಳುತ್ತಿದ್ದಳು. ಮರುಗಳಿಗೆಗೆ ಅರ್ಧ ಕಟ್ಟಿದ ಸೇತುವೆ! ಅದರ ಮೇಲೆ ಸಾಲಾಗಿ ಹೆಂಗಸರು, ತಲೆಯ ಮೇಲೆ ಕಲ್ಲು. ಒಬ್ಬಳಂತೂ ಕ್ಯಾಮೆರಾದವನಿಗೆ ದಾರಿ ಬಿಡು ಎಂದು ಕೈ ಬೀಸಿ ಗದರುತ್ತಿದ್ದಳು. ಮತ್ತೆ ನಾಯಕಿ, ಕಣ್ಣೊರೆಸಿಕೊಳ್ಳುತ್ತಾ.

ತಾತ: ಅಯ್ಯೋ, ಇವರಾ! ಇವರನ್ನ ಚಿಕ್ಕಂದಿನಿಂದ ನೋಡಿದ್ದೀನಿ. ನಾಯಕಿ ಕಡೆಯ ನೆಂಟರು ಅಂದುಕೊಂಡಿದ್ದೆ.

ಸಂಶೋಧಕಿ: ತಲೆ ಮೇಲೆ ಕಲ್ಲು ಹೊತ್ತುಕೊಂಡಾ?

ತಾತ: ಕೈಕೊಟ್ಟ ಹುಡುಗನಿಗೆ ಹೊಡೆಯೋಕೆ! ಮುಂದಿನ ಸೀನಲ್ಲೇ ಅವನು ಮದುವೆಗೆ ಒಪ್ಪಿಕೊಳ್ತಾನಲ್ಲ!

ಸಂಶೋಧಕಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

ಸಂಶೋಧಕಿ: ನಿಮ್ಮಪ್ಪನ ಬಗ್ಗೆ ಅಂದಿದ್ದು ತಪ್ಪಾಯ್ತು ತಾತ. ನನ್ನ ಅಧ್ಯಾಯ ಉಳಿಸಿಬಿಟ್ಟರು. ಇನ್ನೊಂದು ಸಲ ಬಿಡಿ.

ತಾತ ಬಿಟ್ಟರು. ಅವಳು ಫೋಟೊ ತೆಗೆದುಕೊಂಡಳು. ಇನ್ನೊಂದು ಸಲ ಎಂದಳು. ಆ ಗದರುವವಳಿಗಾಗಿ ಮತ್ತೊಂದು ಸಲ ಎಂದಳು. ಐದನೆಯ ಸಲಕ್ಕೆ ತಾತ ಹಿಡಿಕೆಯಿಂದ ಕೈ ತೆಗೆದರು.

ತಾತ: ಸಾಕು ತಾಯಿ. ಹೀಗೆ ಕೇಳೀ ಕೇಳೀನೇ ಇದು ಹರಿದಿದ್ದು. ಈ ಸಲ ಹರಿದರೆ ತೇಪೆಗೆ ನನ್ನ ಹತ್ತಿರ ಉಳಿದಿರೋದು ಆ ಭಾಷಣ ಒಂದೇ!