ಮಾವನ ಸರ್ವರ್ ಮತ್ತು ತಂಗಿಯ ಮದುವೆ ಹೇಳಿಕೆ

ನನ್ನ ಸೋದರಮಾವನ ಎದುರು ‘ಬೇಡ’ ಎಂಬ ಪದವನ್ನು ಯಾರೂ ಆಡಬಾರದು. ಆಡಿ ಉದ್ಧಾರವಾದವರು ನಮ್ಮ ಮನೆಯಲ್ಲಂತೂ ಯಾರೂ ಇಲ್ಲ.

ಒಮ್ಮೆ ಆಯಿ, ಅಂದರೆ ನನ್ನಮ್ಮ, ಸಿರ್ಸಿ ಪೇಟೆಗೆ ಹೊರಟ ತಮ್ಮನ ಕೈಗೆ ಚೀಲ ಕೊಟ್ಟು, “ಹುಳುಕು ಬದನೆಕಾಯಿ ತರಡ ಮಾರಾಯ” ಅಂದಳು. ನಮ್ಮ ಮಾತಿನಲ್ಲಿ ತರಡ ಅಂದರೆ ತರಬೇಡ. ಅವನು ತಂದ ಚೀಲ ಬಿಚ್ಚಿದರೆ ಒಂದು ಕಸಬರಿಗೆ, ಒಂದು ಚಿಪ್ಪು ಬಾಳೆಹಣ್ಣು, ಟಾರ್ಚಿನ ಸೆಲ್ಲು. ಆಯಿ ಹೌಹಾರಿದಳು.

“ಇದೆಂತದಾ?”

“ಅಕ್ಕಾ, ಇದರಲ್ಲಿ ಹುಳುಕು ಬದನೆಕಾಯಿ ಇದ್ದಾ? ಇಲ್ಲೆ. ನೀ ಹೇಳಿದ್ದು ಅಷ್ಟೇಯ.”

ಆ ಕಸಬರಿಗೆ ಅವನ ಬೆನ್ನಿನ ಮೇಲೆ ಬೀಳಲಿಲ್ಲವಲ್ಲ, ಅದು ಆಯಿಯ ದೊಡ್ಡ ಗುಣ.

ತಪ್ಪು ಅವನದಲ್ಲ ಬಿಡಿ, ಅವನ ಉದ್ಯೋಗದ್ದು. ಧಾರವಾಡದ ಕಾಲೇಜೊಂದರಲ್ಲಿ ಡೈರೆಕ್ಟರಿ ಸರ್ವರ್ ನೋಡಿಕೊಳ್ಳುತ್ತಿದ್ದ. ಅದರಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ದಾಖಲೆ. ‘ಗಣಿತದವರಾಗಿರಬೇಕು, ರಜೆಯಲ್ಲಿರಬಾರದು’ ಎಂದು ಕೇಳಿದರೆ ಅದು ಫಿಲ್ಟರ್. ಸರ್ವರ್ ಆ ಫಿಲ್ಟರನ್ನು ಪ್ರತಿ ದಾಖಲೆಗೂ ಹಿಡಿದು ನೋಡುತ್ತದೆ; ಹೊಂದಿದವರು ಒಳಗೆ, ಹೊಂದದವರು ಹೊರಗೆ. ನೌಕರಿಯುದ್ದಕ್ಕೂ ಇದನ್ನೇ ಪರೀಕ್ಷಿಸಿದವನ ತಲೆ ನೆಟ್ಟಗಿರಲು ಹೇಗೆ ಸಾಧ್ಯ? ನಿವೃತ್ತನಾಗಿ ಸಿರ್ಸಿಗೆ ಬಂದವನೇ ಮೇಜಿನ ಕೆಳಗೊಂದು ಹಳೇ ಕಂಪ್ಯೂಟರ್ ಇಟ್ಟು, ನೆಂಟರಿಷ್ಟರನ್ನೆಲ್ಲ ಅದರೊಳಗೆ ತುಂಬಿಸಿದ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಬೆಳ್ಳುಳ್ಳಿ ಆಗದು, ಎಲ್ಲವೂ ಅಲ್ಲಿತ್ತು. ಯಲ್ಲಾಪುರದ ದೊಡ್ಡಮ್ಮ ಗಾಬರಿಯಾಗಿ ಫೋನು ಮಾಡಿದಳು.

“ಎನ್ನ ಬಗ್ಗೆ ಎಂತ ಬರೆದಿದ್ಯ?”

“ಜಾಸ್ತಿ ಇಲ್ಲೆ. ಗೊರಕೆ ಒಂದೇಯ.”

ದೊಡ್ಡಮ್ಮ ಆ ವರ್ಷ ಹಬ್ಬಕ್ಕೆ ಬಂದರೂ ರಾತ್ರಿ ಉಳಿಯಲಿಲ್ಲ.

ಇಂಥವನ ಕೈಗೆ ನನ್ನ ತಂಗಿಯ ಮದುವೆ ಹೇಳಿಕೆಯನ್ನು ಒಪ್ಪಿಸಿದೆವು! ನಮ್ಮ ಕಡೆ ಮನೆಬಾಗಿಲಿಗೆ ಹೋಗಿ ಅಕ್ಷತೆ ಕೊಟ್ಟು ಕರೆಯಬೇಕು, ಅದೇ ಹೇಳಿಕೆ. ಬರೀ ಫೋನಿನಲ್ಲಿ ಕರೆದರೆ ಸ್ವಂತ ಅಣ್ಣತಮ್ಮಂದಿರೂ ಬರುವುದಿಲ್ಲ. ಅಪ್ಪ ಒಂದೇ ಶರತ್ತು ಹಾಕಿದ್ದ: ಮುನಿಸಿನವರನ್ನು ಕರೆಯಕೂಡದು.

ಮುನಿಸಿನವರು ಅಂದರೆ ಒಬ್ಬಳೇ, ಕೋಲಸಿರ್ಸಿಯ ಅತ್ತೆ. ಅಪ್ಪನ ಒಡಹುಟ್ಟಿದ ತಂಗಿ. ಅವರಿಬ್ಬರ ಆಯಿ, ಅಂದರೆ ನನ್ನಜ್ಜಿ, ತೀರಿಕೊಂಡ ಮೇಲೆ ಅಜ್ಜಿಯ ತೊಡದೇವಿನ ಗಡಿಗೆಯನ್ನು ಕೇಳದೆ ಒಯ್ದಳು ಎಂಬುದೇ ಜಗಳ. ಒಲೆಯ ಮೇಲೆ ಬೋರಲಿಟ್ಟು, ಬೆನ್ನಿಗೆ ಕಬ್ಬಿನಹಾಲು ಬೆರೆಸಿದ ಅಕ್ಕಿಹಿಟ್ಟು ಬಳಿದು, ತೆಳ್ಳಗೆ ಗರಿಗರಿಯಾಗಿ ತೊಡದೇವು ಎಬ್ಬಿಸುವ ಆ ಮಣ್ಣಿನ ಗಡಿಗೆಗಾಗಿ ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು. “ತಂಗಿ ಬಂದ್ರೆ ಆನು ಧಾರೆಗೆ ಕೂರ್ತ್ನಿಲ್ಲೆ” ಅಂದುಬಿಟ್ಟಿದ್ದ ಅಪ್ಪ. ಧಾರೆಯೆರೆಯಲು ಅಪ್ಪನೇ ಕೂರದಿದ್ದರೆ ಮದುವೆ ಎಲ್ಲಿಂದ ಬಂತು?

ಮಾವ ಫಿಲ್ಟರ್ ಬರೆದ: ನೆಂಟರಾಗಿರಬೇಕು, ‘ಮುನಿಸು: ಹೌದು’ ಎಂದಿರಬಾರದು. ಬಂದ ಹೆಸರುಗಳನ್ನು ಹಂಚಿಕೊಂಡೆವು. ಮನ್ಮನೆ ಸುತ್ತಿನ ಮನೆಗಳು ನನಗೆ, ಕೋಲಸಿರ್ಸಿ ಕಡೆಯವು ಅವನಿಗೆ. ಅಕ್ಷತೆ ಬಟ್ಟಲು ಚೀಲಕ್ಕೆ ಹಾಕಿಕೊಂಡು ಸ್ಕೂಟರ್ ಹತ್ತಿ ಹೊರಟೇಬಿಟ್ಟ.

ಮದುವೆಯ ದಿನ ಸಿದ್ದಾಪುರದ ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತಿದ್ದೆ. ಮುಹೂರ್ತ ಹತ್ತಿರವಾಗಿತ್ತು. ರಿಕ್ಷಾವೊಂದು ಬಂದು ನಿಂತಿತು. ಇಳಿದವಳು ಅತ್ತೆ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅವಳ ಮೇಲೆ ಪನ್ನೀರು ಚಿಮುಕಿಸಬೇಕೋ, ನಾನೇ ಸುರಿದುಕೊಳ್ಳಬೇಕೋ ತಿಳಿಯಲಿಲ್ಲ. ಒಳಗೆ ತಂಗಿ ಬಾಸಿಂಗ ಕಟ್ಟಿಸಿಕೊಳ್ಳುತ್ತಿದ್ದಾಳೆ, ಅಪ್ಪ ಇನ್ನೇನು ಮಂಟಪಕ್ಕೆ ಬರಬೇಕು. ಮಾವನನ್ನು ಅಡಿಗೆಮನೆಯ ಹಿಂದಕ್ಕೆ ಎಳೆದೊಯ್ದೆ.

“ಮಾವ, ಎಂತ ಮಾಡಿ ಹಾಕಿದೆ? ಅತ್ತೆ ಬಂಜು.”

“ಬರ್ಲೇಬೇಕಲ. ಆನೇ ಕರೆದಿದ್ದೆ. ಫಿಲ್ಟರಿನಲ್ಲಿ ಹೆಸರು ಬಂತು.”

“ಮುನಿಸಿನವರು ಬೇಡ ಹೇಳಿದ್ದ ಅಲ್ದ ಅಪ್ಪಯ್ಯ?”

“ಮುನಿಸು ಹೌದು ಹೇಳಿ ಬರೆದವರು ಬೇಡ. ನಿನ್ನ ಅತ್ತೆ ಹೆಸರಿನ ಮುಂದೆ ಎಂತದೂ ಬರೆದಿಲ್ಲೆ, ಖಾಲಿ. ಖಾಲಿ ಹೇಳಿದ್ರೆ ‘ಹೌದು’ ಅಲ್ಲ. ‘ಹೌದು’ ಅಲ್ಲದ್ದೆಲ್ಲ ಒಳಗೆ ಬತ್ತು.”

ಕಸಬರಿಗೆ, ಬಾಳೆಹಣ್ಣು, ಟಾರ್ಚಿನ ಸೆಲ್ಲು ಕಣ್ಣಮುಂದೆ ಸಾಲಾಗಿ ಬಂದು ನಿಂತವು. ನನಗೆ ಸಿಟ್ಟು ನೆತ್ತಿಗೇರಿತು.

“ಇಡೀ ಸೀಮೆಗೆ ಗೊತ್ತಿದ್ದದ್ದ ಖಾಲಿ ಬಿಟ್ಯಾ?”

“ಸೀಮೆಯವರ ಕೇಳಿ ಬರೆಯೂಲೆ ಬತ್ತಿಲ್ಲೆ ತಮಾ. ನಿನ್ನ ಅಪ್ಪಯ್ಯನ್ನೇ ಕೇಳಿದ್ದೆ. ‘ಭಾವ, ತಂಗಿ ಮೇಲೆ ಮುನಿಸು ಹೌದು ಹೇಳಿ ಬರೆಯಲಾ?’ ಹೇಳಿ. ಕವಳಕ್ಕೆ ಅಡಕೆ ಕತ್ತರಿಸ್ತಾ ಇದ್ದಿದ್ದ. ಕೈ ನಿಂತು. ಸುಮಾರು ಹೊತ್ತು ಕಾದೆ.” ಮಾವ ಕನ್ನಡಕ ತೆಗೆದು ಅಂಗವಸ್ತ್ರದಲ್ಲಿ ಒರೆಸಿಕೊಂಡ. “ಹೌದು ಹೇಳಿದ್ನಿಲ್ಲೆ.”

ನಾನು ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಅಪ್ಪ ಮಡಿಯುಟ್ಟು ಅಲ್ಲಿಗೇ ಬಂದಿದ್ದ. ಅಣ್ಣ ತಂಗಿ ಎದುರುಬದುರು ನಿಂತಿದ್ದರು. ಅತ್ತೆ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಮಡಚಿಟ್ಟ ತೊಡದೇವು.

“ಯಾವ ಗಡಿಗೆದು?” ಅಪ್ಪ ಕೇಳಿದ.

“ನಮ್ಮ ಆಯಿದೇಯ.”

ಅಪ್ಪ ಡಬ್ಬಿಯನ್ನೇ ನೋಡುತ್ತ ನಿಂತ. ಧಾರೆ ಮುಗಿಯುವವರೆಗೆ ಅವನಿಗೆ ಉಪವಾಸ. ಕೊನೆಗೆ ಅವನೇ ಮುಚ್ಚಳ ಹಾಕಿ, ಡಬ್ಬಿಯನ್ನು ಅತ್ತೆಯ ಕೈಯಲ್ಲೇ ಬಿಟ್ಟು ಹೇಳಿದ:

“ಧಾರೆ ಮುಗಿಸಿ ಬಂದು ತಿಂತೆ. ಅಲ್ಲಿವರೆಗೆ ನೀ ಹೋಗಡ.”