ಒಬ್ಬನೇ ಬಾರಿಸಿದ ರೆಕಾರ್ಡು

ಬೈಲಹೊಂಗಲದಲ್ಲಿ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಬಾಗಿಲಿಗೆ ಬಂದು ಮುಂಗಡ ಕೊಟ್ಟು ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಹಾಗೆ ಬಂದವುಗಳಲ್ಲಿ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಎಲ್ಲವೂ ಒಬ್ಬ ಗಿಟಾರಿನವನ ಒಂದೇ ರೆಕಾರ್ಡಿಗೆ ಸೇರಿದವು.

೧. ತಾಳ ಇಟ್ಟು ಹೋದರು

ಅವನು ನಮ್ಮೂರಿನ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತಿದ್ದ. ಆರು ವರ್ಷ ಹಾಡುವವರ ಬೆನ್ನು ನೋಡಿಕೊಂಡೇ ಬಾರಿಸಿದ. ಒಮ್ಮೆ ಮುಂಬಯಿಗೆ ಹೋದವನು ರಾಕ್ ಸಂಗೀತ ಕೇಳಿ ಬಂದ. ಬಂದವನೇ ಕೂದಲು ಬಿಟ್ಟ, ಆರ್ಕೆಸ್ಟ್ರಾ ಬಿಟ್ಟ. ಒಂದು ದಿನ ಏದುಸಿರು ಬಿಡುತ್ತ ನನ್ನ ಅಂಗಡಿಗೆ ನುಗ್ಗಿದ.

"ಅಣ್ಣಾ, ನಂದಽ ಒಂದು ರೆಕಾರ್ಡ್ ಮಾಡತೇನಿ. ಸೋಲೊ! ನಾ ಒಬ್ಬನಽ. ಮುಂಬಯಿ ಕಂಪನಿಯವರು ಟೇಪ್ ಕಳಸು, ಚಲೋ ಇದ್ರ ಗ್ರಾಮಫೋನ್ ಪ್ಲೇಟ್ ಮಾಡಿ ಕೊಡತೇವಿ ಅಂದಾರ. ಒಂದಽ ಸಲ ಕೇಳತಾರಂತ. ಜನ್ಮದಾಗ ಒಮ್ಮೆರ ನಾ ಮುಂದ ನಿಂತು ಬಾರಸಿದ್ದು ಮಂದಿ ಕೇಳಬೇಕು."

ನನಗೂ ಮೈ ಜುಮ್ಮೆಂದಿತು. ಹುಬ್ಬಳ್ಳಿಯ ಗೆಳೆಯನ ಟೇಪ್‌ರೆಕಾರ್ಡರನ್ನು ಎಂಟು ದಿನದ ಮಟ್ಟಿಗೆ ಇಸಿದುಕೊಂಡು ಬಂದೆ. ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ಅವನ ತಾಯಿ ಬಂದರು. ಹಿಂದೆ ಅವನ ಸೋದರಮಾವಂದಿರಿಬ್ಬರು. ಒಬ್ಬರ ಕೈಯಲ್ಲಿ ತಾಳ, ಇನ್ನೊಬ್ಬರ ಬಗಲಲ್ಲಿ ಹಾರ್ಮೋನಿಯಂ.

"ಅಲ್ಲಪಾ ತಮ್ಮಾ, ನನ್ನ ಮಗಾ ಒಬ್ಬನಽ ಬಾರಸ್ತಾನಂತ? ಇವಂಗ ಹಿಂದ ಮುಂದ ಯಾರೂ ದಿಕ್ಕಿಲ್ಲೇನು ಅಂತ ಮಂದಿ ಕೇಳೂದಿಲ್ಲೇನು? ಇವರ್ನೂ ಕರಕೊಂಡು ಹೋಗು."

ಮಾವಂದಿರನ್ನು ಸಮಾಧಾನ ಮಾಡಿ ಹಿಂದಕ್ಕೆ ಕಳಿಸುವಷ್ಟರಲ್ಲಿ ಎರಡು ಸಲ ಚಹಾ ತರಿಸಬೇಕಾಯಿತು. ಆದರೂ ಹಿರಿಯ ಮಾವ ಹೋಗುವಾಗ, "ಅಕಸ್ಮಾತ್ ಬೇಕಾದ್ರ ಇರಲಿ," ಎಂದು ತಾಳವನ್ನು ಅಂಗಡಿಯಲ್ಲೇ ಇಟ್ಟು ಹೋದರು.

೨. ಕಿತ್ತೂರಿನ ಸ್ಟುಡಿಯೋ

ಮುಂಬಯಿ ಸ್ಟುಡಿಯೋಗಳಲ್ಲಿ ಸದ್ದು ಮಾರ್ದನಿಸದಂತೆ ಗೋಡೆಗೆ ಮೆತ್ತೆ ಬಡಿದಿರುತ್ತಾರೆ ಎಂದು ಅವನು ಹೇಳಿದ. ಕಿತ್ತೂರಿನಲ್ಲಿ ನನ್ನ ಅಕ್ಕನ ಮನೆಯ ಹಿಂದಿನ ಕೋಣೆ ಖಾಲಿ ಇತ್ತು. ಮೆತ್ತೆ ಎಲ್ಲಿಂದ ತರುವುದು? ಅಕ್ಕ ಓಣಿಯ ಮನೆಮನೆಗೆ ಹೋಗಿ ಹನ್ನೊಂದು ಕೌದಿ ತಂದಳು. ಹಳೆ ಸೀರೆ, ಧೋತರದ ತುಂಡು ಕೂಡಿಸಿ ಕೈಯಿಂದ ಹೊಲಿದ ದಪ್ಪನೆಯ ಹೊದಿಕೆಗಳು. ಮೊಳೆ ಬಡಿದು ನಾಲ್ಕೂ ಗೋಡೆಗೆ ತೂಗುಹಾಕಿದೆವು. ಚಪ್ಪಾಳೆ ತಟ್ಟಿದೆ, ಸದ್ದು ಅಲ್ಲೇ ಅಡಗಿತು. ಮುಂಬಯಿ ಏನು ಮಹಾ ಅನ್ನಿಸಿತು.

ಟೇಪ್ ತಿರುಗತೊಡಗಿತು. ಅವನು ಕಣ್ಣುಮುಚ್ಚಿ ಶುರು ಮಾಡಿದ. ಎರಡು ನಿಮಿಷ ಆಗಿರಲಿಲ್ಲ, ಎದುರುಮನೆಯಾಕೆ ಬಾಗಿಲು ದೂಡಿಕೊಂಡು ಒಳಗೆ ಬಂದಳು.

"ನನ್ನ ಕೌದಿ ಮೂಲ್ಯಾಗ ಯಾಕ ಹಾಕೀರಿ? ಬಾಜೂಮನಿಯಾಕೀದು ನಟ್ಟನಡುವ ಹಾಕೀರಿ. ಆಕೀ ಹೊಲಿಗಿ ನೋಡ್ರಿ, ಒಂದೊಂದು ಗೇಣುದ್ದ ಐತಿ!"

ಬಾಜೂಮನೆಯಾಕೆ ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದಳು. ಉಳಿದ ಒಂಬತ್ತು ಮಂದಿಯೂ ತಡ ಮಾಡಲಿಲ್ಲ. ನಾನು ಗಾಬರಿಯಲ್ಲಿ ಟೇಪ್ ನಿಲ್ಲಿಸುವುದನ್ನೇ ಮರೆತೆ. ಆಮೇಲೆ ಹಾಕಿ ಕೇಳಿದರೆ ಅದರಲ್ಲಿ ಎರಡು ನಿಮಿಷ ಗಿಟಾರು, ಮುಕ್ಕಾಲು ಗಂಟೆ ಕೌದಿ.

೩. ಕವರಿನ ಫೋಟೋ

ಟೇಪ್ ಅಳಿಸಿದೆವು. ಅಷ್ಟರಲ್ಲಿ ಫೋಟೋ ಆದರೂ ಮುಗಿಯಲಿ ಎಂದು ಸವದತ್ತಿಗೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಅವನ ಉದ್ದ ಕೂದಲನ್ನೂ ಹೆಗಲ ಮೇಲಿನ ತಂತಿವಾದ್ಯವನ್ನೂ ನೋಡಿ, ದೇವಿಯ ಗುಡ್ಡಕ್ಕೆ ಹೊರಟ ಜೋಗಪ್ಪನೆಂದುಕೊಂಡು ಕೈಮುಗಿದಳು. "ಗುಡ್ಡಕ್ಕ ಹೊಂಟೀಯೇನಪಾ?"

"ಇಲ್ಲಬೇ, ಫೋಟೋ ತಗಸಾಕ."

"ಯಾತಕ್ಕರ ಹೋಗು, ಒಳ್ಳೇದಾಗ್ಲಿ," ಎಂದು ಹಣೆತುಂಬ ಭಂಡಾರದ ಅರಿಸಿನ ಬಳಿದಳು.

ಸ್ಟುಡಿಯೋದವನು ಕೇಳಿದ: "ಯಾರ್ಯಾರು ಕುಂದ್ರತೀರಿ?"

"ನಾ ಒಬ್ಬನಽ. ಹನ್ನೆರಡು ಇಂಚಿನ ಕಾಪಿ ಬೇಕು."

ಸ್ಟುಡಿಯೋದವನು ಕ್ಯಾಮೆರಾದ ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದ. ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಅಂದ: "ಒಬ್ಬರದಽ ಅಷ್ಟ ದೊಡ್ಡ ಫೋಟೋ ನಾವು ತೀರ್ಕೊಂಡವರದಷ್ಟ ಮಾಡೂದ್ರಿ. ಇವರ ತಬ್ಯೆತ್ ಹೆಂಗೈತಿ?"

೪. ರಾಮದುರ್ಗದ ತಂಬು

ಟೇಪ್‌ರೆಕಾರ್ಡರ್ ಹಿಂದಿರುಗಿಸಲು ಒಂದೇ ದಿನ ಉಳಿಯಿತು. ರಾಮದುರ್ಗದಲ್ಲಿ ನಾಟಕ ಕಂಪನಿಯೊಂದು ತಂಬು ಹೊಡೆದಿತ್ತು. ಕಂಪನಿಯ ಮ್ಯಾನೇಜರು ಒಪ್ಪಿದರು. "ಮಧ್ಯಾಹ್ನ ಬರ್ರಿ, ಒಂದು ನರಪಿಳ್ಳಿ ಇರಂಗಿಲ್ಲ."

ಹೋಗಿ ನೋಡಿದರೆ ಸುದ್ದಿ ತಿಳಿದು ಬಂದ ಮಂದಿಯಿಂದ ಅರ್ಧ ತಂಬು ತುಂಬಿತ್ತು! ನಾನು ಕೈಮುಗಿದು, ಕೆಮ್ಮಲೂಬೇಡಿ ಎಂದು ಕೇಳಿಕೊಂಡೆ. ಯಾರೂ ಕೆಮ್ಮಲಿಲ್ಲ. ಅವನು ಬಾರಿಸಿದ. ಅಬ್ಬಾ, ಎಂಥ ಬಾರಿಸುವಿಕೆ! ಇಷ್ಟು ದಿನ ಇದೆಲ್ಲ ಇವನ ಬೆರಳಲ್ಲಿ ಎಲ್ಲಿ ಅಡಗಿತ್ತು ಎಂದು ನನ್ನ ಕಣ್ಣು ತುಂಬಿ ಬಂದವು. ಅರ್ಧ ಟೇಪ್ ಮುಗಿಯಿತು.

ಆಗ ತೊರಗಲ್ಲಿನ ಅಜ್ಜನೊಬ್ಬ ಹೊಸ ಟವೆಲ್ಲು ಹಿಡಿದು ಎದ್ದ. ನಮ್ಮ ಕಡೆ ನಾಟಕದಲ್ಲಿ ಪಾತ್ರ ಮನಸ್ಸಿಗೆ ಬಂದರೆ ಬರೀ ಚಪ್ಪಾಳೆ ತಟ್ಟಿ ಕೂರುವವರಿಲ್ಲ, ಏನಾದರೂ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕು. ಮಾಡಿದವರ ಹೆಸರನ್ನು ಆ ಕ್ಷಣವೇ ಮೈಕಿನಲ್ಲಿ ಹೇಳಬೇಕು. ನಾಯಕಿ ಅಳುತ್ತಿದ್ದರೂ ಅಷ್ಟುಹೊತ್ತು ಅಳು ತಡೆದುಕೊಂಡು ನಿಲ್ಲಬೇಕು. ಮ್ಯಾನೇಜರಿಗೆ ಇಪ್ಪತ್ತು ವರ್ಷದ ರೂಢಿ. ಕಂಪನಿಯ ಮೈಕ್ ಎತ್ತಿಯೇಬಿಟ್ಟರು.

"ಕಲಾಭಿಮಾನಿಗಳೇ! ಗಿಟಾರ್ ವಾದನ ಮೆಚ್ಚಿ ತೊರಗಲ್ಲಿನ ಹಿರಿಯರು ಒಂದು ಟವೆಲ್ಲು! ಮನೋಳಿಯ ಎತ್ತಿನ ವ್ಯಾಪಾರಸ್ಥರು ಒಂದು ತೆಂಗಿನಕಾಯಿ! ದೊಡವಾಡದ..."

ಒಬ್ಬೊಬ್ಬರದೂ ಅಪ್ಪನ ಹೆಸರು, ಮನೆತನದ ಹೆಸರು ಸಮೇತ. ಗಿಟಾರಿನವನು ಕಣ್ಣುಮುಚ್ಚಿ ಬಾರಿಸುತ್ತಲೇ ಇದ್ದ. ನಾನು ಆ ಮೈಕಿನ ವಾಯರ್ ಕೀಳಲು ಹಾರಿದೆ. ಕೈ ಹಾಕಿದ್ದೆ ಕೂಡ.

"...ಹಾಗೂ ಈ ಧ್ವನಿಮುದ್ರಣ ಮಾಡಾಕತ್ತಿರುವ ಬೈಲಹೊಂಗಲದ ಸುಪ್ರಸಿದ್ಧ ಮೈಕ್ ಸೆಟ್ ಮಾಲಕರು..."

ಸುಳ್ಳೇಕೆ ಹೇಳಲಿ, ನನ್ನ ಹೆಸರು ಪೂರ್ತಿ ಆಗುವವರೆಗೆ ಕೈ ಅಲುಗಲಿಲ್ಲ.

೫. ಮುಂಬಯಿಯ ಕಾಗದ

"ಮುಗೀತಣ್ಣಾ, ನನ್ನ ಹಣೇಬರಾನಽ ಇಷ್ಟು," ಎಂದು ಅವನು ಅತ್ತ. ತಪ್ಪು ನನ್ನದೂ ಇತ್ತಲ್ಲ, ನನಗೆ ಮುಖ ಎತ್ತಲಾಗಲಿಲ್ಲ. ಬೇರೆ ದಾರಿಯಿಲ್ಲದೆ ಅದೇ ಟೇಪ್ ಕಳಿಸಿದೆವು. ತಿಂಗಳ ಮೇಲೆ ಕಾಗದ ಬಂತು. ವಾದನ ಬಹಳ ಹಿಡಿಸಿದೆ, ಪ್ಲೇಟ್ ಮಾಡುತ್ತೇವೆ ಎಂದಿತ್ತು! ಇಬ್ಬರೂ ಅಂಗಡಿಯಲ್ಲೇ ಕುಣಿದೆವು. ಕೆಳಗೆ ಇನ್ನೊಂದು ಸಾಲಿತ್ತು: ನಡುನಡುವೆ ಆವೇಶದಿಂದ ಹಾಡಿದವರ ಶೈಲಿ ಹೊಸದಾಗಿದೆ, ಆ ಗಾಯಕರ ಹೆಸರು ತಿಳಿಸಿ.

ಅವನು ತಲೆಯ ಮೇಲೆ ಕೈಹೊತ್ತು ಕೂತ. ನಾನೇ ಉತ್ತರ ಬರೆದೆ: "ಗಾಯಕರು ಹೆಸರಿಗೆ ಆಸೆಪಡುವವರಲ್ಲ."

೬. ಬಿಡುಗಡೆ

ಬಿಡುಗಡೆಯೂ ಅದೇ ತಂಬಿನಲ್ಲಿ. ನಾಲ್ಕು ಹಾರ್ನ್ ಕಟ್ಟಿ ಪ್ಲೇಟ್ ಹಚ್ಚಿದೆ. ತಮ್ಮ ಹೆಸರು ಎಲ್ಲಿ ತಪ್ಪಿಹೋದೀತೋ ಎಂದು ಮಂದಿ ಉಸಿರು ಬಿಗಿಹಿಡಿದು ಕೂತಿದ್ದರು. ಹೆಸರು ಬಂದಂತೆ ಒಬ್ಬೊಬ್ಬರೇ ಎದ್ದುನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದರು. ಗಿಟಾರಿನವನು ವೇದಿಕೆಯ ಮಗ್ಗುಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಪ್ಲೇಟ್ ಮುಗಿದದ್ದೇ ತಡ, ಕೊಳ್ಳಲು ಮುಗಿಬಿದ್ದರು. ತೊರಗಲ್ಲಿನ ಅಜ್ಜನೇ ಎಲ್ಲರಿಗಿಂತ ಮುಂದೆ.

"ಅಜ್ಜಾರ, ಪ್ಲೇಟ್ ಹಚ್ಚೂ ಮಷೀನ್ ಐತೇನ್ರಿ ಮನ್ಯಾಗ?" ಎಂದೆ.

"ಮಷೀನ್ ಯಾತಕ್ಕ? ನನ್ನ ಹೆಸರು ಒಳಗ ಐತೆಲ್ಲ, ಸಾಕು." ಅಜ್ಜನ ಕಣ್ಣು ಮಬ್ಬು, ಅಂದು ಬಾರಿಸಿದವನ ಮುಖವೂ ನೆಟ್ಟಗೆ ಕಂಡಿರಲಿಲ್ಲ. ಆಮೇಲೆ ಕವರನ್ನು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಹೆಸರು ಬಾಳ ಚಂದ ಕೇಳತಾವ. ಆದ್ರ ಹಿಂದ ಬಾರಸಾವ ಯಾರು?"

ಆರು ವರ್ಷ ಹಾಡುವವರ ಹಿಂದೆ ನಿಂತು ಸಾಕಾಗಿದ್ದವನಿಗೆ ಈ ಮಾತು! ಗಿಟಾರಿನವನು ಅಜ್ಜನ ಮುಖ ನೋಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟ.

"ನಾನಽರಿ, ಅಜ್ಜಾರ."

"ಹೌದೇನು? ಚಲೋ ಬಾರಸೀ ಬಿಡಪಾ. ನನ್ನ ಹೆಸರು ಮುಗದಮ್ಯಾಲೂ ಎದ್ದು ಹೋಗಾಕ ಮನಸ್ಸಾಗಲಿಲ್ಲ. ಅದನ್ನಽ ಕೇಳಕೋತ ಕುಂತೆ."

ಅಷ್ಟಂದು ತನ್ನ ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಕೊರಳಿಗೆ ಹಾಕಿದ. ಗಿಟಾರಿನವನು ನಗು ನಿಲ್ಲಿಸಿ, ಬಗ್ಗಿ ಅಜ್ಜನ ಕಾಲು ಮುಟ್ಟಿದ. ನಾನು ನೋಡುತ್ತ ನಿಂತುಬಿಟ್ಟೆ. ಅಜ್ಜ ನನ್ನ ಕಡೆ ತಿರುಗಿ ಗದರಿಸಿದ:

"ನಿಂತು ಏನು ನೋಡತೀ? ಮೈಕ್ ಹಚ್ಚು, ನನ್ನ ಹೆಸರು ಹೇಳು!"