ಅತ್ತೆಯ ಅಕ್ಕ ಮತ್ತು ಗಿರಿಜಮ್ಮನವರ ಬಾಯ್ಲರು

ಬಾಡಿಗೆ ಮನೆ ನೋಡಲು ಹೋದವರು ಅಡುಗೆಕಟ್ಟೆ ಎಷ್ಟು ಎತ್ತರವಿದೆ, ನಲ್ಲಿಯಲ್ಲಿ ನೀರು ಬರುತ್ತದೆಯೇ, ದೇವರಮನೆ ಯಾವ ದಿಕ್ಕಿಗಿದೆ ಎಂದೆಲ್ಲ ವಿಚಾರಿಸುತ್ತಾರೆ. ನಮ್ಮ ಅತ್ತೆಯಂಥವರು ನೆಲದ ಮೇಲೆ ಒಂದು ಗೋಲಿ ಉರುಳಿಸಿ ಇಳಿಜಾರು ಎತ್ತ ಕಡೆಗಿದೆ ಎಂದೂ ಪರೀಕ್ಷೆ ಮಾಡುತ್ತಾರೆ. ಆದರೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಒಂದು ಸ್ನಾನ ಮಾಡಿ ನೋಡುವವರು ಯಾರೂ ಇಲ್ಲ. ಅಂಥ ಪದ್ಧತಿ ಇದ್ದಿದ್ದರೆ ಮಧುಗಿರಿಯಲ್ಲಿ ಗಿರಿಜಮ್ಮನವರ ಹಿಂಭಾಗದ ಮನೆ ನಮಗೆ ಸಿಗುತ್ತಿರಲಿಲ್ಲ, ಅಥವಾ ಆ ಮನೆಗೆ ನಾವು ಸಿಗುತ್ತಿರಲಿಲ್ಲ.

ನಾನು ದೊಡ್ಡೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ನಮ್ಮವರಿಗೆ ಪಾವಗಡದ ಆಚೆ ಕ್ಯಾತಗಾನಚೆರ್ಲಿನಲ್ಲಿ ಸೋಲಾರ್ ಕೆಲಸ. ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾರೆ. ಊರಿಗೆಲ್ಲ ಬಿಸಿಲಿನಿಂದ ಕರೆಂಟು ಮಾಡಿಕೊಡುವವರ ಮನೆಯಲ್ಲೇ ಒಂದು ಚೊಂಬು ಬಿಸಿನೀರಿಗೆ ಪರದಾಟ ಎಂದು ನಾನು ಹಂಗಿಸಿದರೆ ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಇರುತ್ತಿದ್ದವರು ನಾನು, ನಮ್ಮತ್ತೆ ಮತ್ತು ಆ ಬಾಯ್ಲರು.

ಬಾಯ್ಲರು ಎಂದರೆ ಬಚ್ಚಲಿನ ಗೋಡೆಗೆ ನೇತು ಹಾಕಿದ್ದ ಬಿಳಿ ಡಬ್ಬಿಯಂಥ ಗ್ಯಾಸ್ ಗೀಸರು. ಮುಂದಿನ ಮನೆಯಲ್ಲಿದ್ದ ನಮ್ಮ ಓನರ್ ಗಿರಿಜಮ್ಮನವರು ಹಾಗೆ ಕರೆಯುತ್ತಿದ್ದುದರಿಂದ ನಾವೂ ಹಾಗೇ ಕರೆದೆವು. "ಶ್ಯಾನೆ ಒಳ್ಳೇದು ಕಣಮ್ಮ. ನಲ್ಲಿ ತಿರುಗಿಸಿದ್ರೆ ತಾನೇ ಹತ್ಕೋತದೆ. ಒಂದೊಂದ್ಸಲ ಹತ್ಕಳಲ್ಲ, ಆಗ ಸುಮ್ನೆ ಬುಟ್ಬುಡು. ಅದಕ್ಕೂ ಮನಸು ಬರ್ಬೇಕಲ್ಲ" ಎಂದಿದ್ದರು. ಅದಕ್ಕೆ ಮನಸ್ಸು ಬರುವುದು ಹೇಗೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಮೈಗೆಲ್ಲ ಸೋಪು ಹಚ್ಚಿಕೊಳ್ಳುವವರೆಗೆ ಹದವಾದ ನೀರು ಕೊಟ್ಟು, ತೊಳೆದುಕೊಳ್ಳುವ ಹೊತ್ತಿಗೆ ಬೆಟ್ಟದ ದೊಣೆಯ ನೀರಿನಷ್ಟು ತಣ್ಣಗೆ ಸುರಿಸುತ್ತಿತ್ತು. ಬೈದರೆ ಚರ್ಮ ಸುಲಿಯುವಷ್ಟು ಬಿಸಿ. ನಲ್ಲಿ ನಿಲ್ಲಿಸಿದ ಮೇಲೂ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದು. ಅದರ ಮುಂಭಾಗದ ಸಣ್ಣ ಗಾಜಿನ ಕಿಂಡಿಯಲ್ಲಿ ಬೆಂಕಿ ಕಾಣುತ್ತಿತ್ತು. ನಾವು ಬಂದ ಹೊಸದರಲ್ಲಿ ನೀಲಿಯಾಗಿದ್ದದ್ದು ಬರಬರುತ್ತ ಹಳದಿಗೆ ತಿರುಗಿತು. ಬಟ್ಟೆ ಬಿಚ್ಚಿ ನಿಂತವಳನ್ನು ಒಂದು ಹಳದಿ ಕಣ್ಣು ನೋಡುತ್ತಿದ್ದರೆ ಎಂಥವಳಿಗೂ ಸ್ನಾನ ಚುಟುಕಾಗುತ್ತದೆ.

ಬಚ್ಚಲಿಗೆ ಒಂದು ಕಿಟಕಿಯೇನೋ ಇತ್ತು. ಬೆಟ್ಟದಿಂದ ಇಳಿದುಬರುವ ಕೋತಿಗಳು ಕೈ ಹಾಕಿ ಸೋಪು ಒಯ್ಯುತ್ತವೆಂದು ಗಿರಿಜಮ್ಮ ಅದಕ್ಕೆ ಹಲಗೆ ಹೊಡೆಸಿ ಸಂದಿಗೆಲ್ಲ ಸಿಮೆಂಟು ಮೆತ್ತಿಸಿದ್ದರು. ಹಾಡಹಗಲಲ್ಲೂ ಒಳಗೆ ದೀಪ ಹಾಕಿಕೊಳ್ಳಬೇಕು.

ಮೊದಲು ಅನುಮಾನ ಬಂದದ್ದು ನನಗೆ. ಒಂದು ಬೆಳಗ್ಗೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಯಾರೋ ಟವೆಲು ಹಿಡಿದು ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಮುಚ್ಚಿದ ಬಾಗಿಲು. ಮತ್ತೆ ಬಗ್ಗಿದೆ, ಮತ್ತೆ ಅವರು ನಿಂತರು. ಕೈಯಲ್ಲಿದ್ದ ಚೊಂಬು ಜಾರಿತು, ಮೊಣಕಾಲು ನನ್ನದಲ್ಲವೆಂಬಂತೆ ಮಡಿಸಿಕೊಂಡಿತು. ಹೇಗೋ ಹೊರಗೆ ಬಂದೆ. ದೆವ್ವಗಿವ್ವ ಎಲ್ಲ ಮೂಢನಂಬಿಕೆ ಎಂದು ಆ ದಿನವೇ ಒಂಬತ್ತನೇ ತರಗತಿಗೆ ಪಾಠ ಮಾಡಬೇಕಾಗಿತ್ತು, ಮಾಡಿದೆ. ಆದರೆ ಬೋರ್ಡಿನ ಕಡೆ ತಿರುಗಿ ಬರೆಯುವಾಗ ಬೆನ್ನು ಚುಳ್ಳೆನ್ನುತ್ತಿತ್ತು. ತಲೆನೋವು ಸಂಜೆಯವರೆಗೂ ಬಿಡಲಿಲ್ಲ.

ಅತ್ತೆಗೆ ಹೇಳಿದರೆ ಹೆದರುತ್ತಾರೆಂದು ಸುಮ್ಮನಿದ್ದೆ. ಆದರೆ ಅತ್ತೆಯ ಸ್ನಾನ ದಿನದಿಂದ ದಿನಕ್ಕೆ ಉದ್ದವಾಗತೊಡಗಿತು. ಹೊರಗೆ ಬಂದಾಗ ಮುಖ ಕೆಂಪಗೆ ಅರಳಿರುತ್ತಿತ್ತು. ಒಂದು ದಿನ ಬಾಗಿಲ ಬಳಿ ಹೋದರೆ ಒಳಗೆ ಮಾತು ಕೇಳಿಸಿತು. "ಅಂಗಲ್ಲ ಬುಡು," ಎಂದರು ಅತ್ತೆ. ಸ್ವಲ್ಪ ಹೊತ್ತು ಮೌನ. "ಅದು ನಂಗೊತ್ತಿರಲಿಲ್ಲ ಕಣಕ್ಕ." ಮತ್ತೆ ಮೌನ. ಎದುರಿಗಿದ್ದವರು ಉತ್ತರ ಹೇಳಲು ಎಷ್ಟು ಬೇಕೋ ಅಷ್ಟೇ ಹೊತ್ತಿನ ಮೌನ. ಆಮೇಲೆ ಅತ್ತೆ ನಕ್ಕರು, ಚಿಕ್ಕ ಹುಡುಗಿಯ ಹಾಗೆ. ನನಗೆ ಹೆದರಿಕೆಯಾದದ್ದು ಮಾತಿಗಲ್ಲ, ಆ ನಗುವಿಗೆ.

"ಒಳಗೆ ಯಾರ ಜೊತೆ ಮಾತಾಡ್ತಿದ್ರಿ ಅತ್ತೆ?"

"ನಮ್ಮಕ್ಕ ಬಂದಿದ್ಲು," ಎಂದರು, ತರಕಾರಿಯವಳು ಬಂದಿದ್ದಳು ಎನ್ನುವ ದನಿಯಲ್ಲಿ.

ಅವರ ಅಕ್ಕ ಪುಟ್ಟಮ್ಮ ಸಿರಾದಲ್ಲಿ ತೀರಿಕೊಂಡು ವರ್ಷಗಳಾಗಿದ್ದವು. ಹೊಳವನಹಳ್ಳಿಯ ತವರಿನಲ್ಲಿ ಒಂದು ತಾಮ್ರದ ಹಂಡೆ ಇತ್ತಂತೆ. ತಾಯಿ ಹೋದ ಮೇಲೆ ಅದನ್ನು ಅಕ್ಕ ಒಯ್ದರು, ತಂಗಿ ಕೇಳಿದರೂ ಕೊಡಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಕ್ಕನ ಮಣ್ಣಿಗೂ ಅತ್ತೆ ಹೋಗಿರಲಿಲ್ಲ. ಬದುಕಿದ್ದಾಗ ಬಾರದ ಅಕ್ಕ ಈಗ ನಮ್ಮ ಬಚ್ಚಲಿಗೆ ಬರುತ್ತಿದ್ದಳು. "ಹಂಡೆ ತೂತಾಗಿಬುಟ್ಟಿತ್ತಂತೆ ಕಣೆ. ತೂತಾದದ್ದನ್ನ ಹೆಂಗೆ ಕೊಡ್ಲಿ ಅಂತ ಸುಮ್ಕಾದ್ಲಂತೆ. ಅಷ್ಟು ಹೇಳಕ್ಕೇನಾಗಿತ್ತು ಆಗ್ಲೇ?" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಗಿರಿಜಮ್ಮನವರ ಹತ್ತಿರ ಓಡಿದೆ. ಅವರು ಆಶ್ಚರ್ಯಪಡಲಿಲ್ಲ, ಅದೇ ನನಗೆ ಇನ್ನೂ ಆಶ್ಚರ್ಯ. "ನಿಮಗಿಂತ ಮುಂಚೆ ಇದ್ದೋಳೂ ಇಂಗೇ ಅಂತಿದ್ಲು. ಯಾರೋ ಬಂದು ನಿಂತ್ಕೋತಾರೆ ಅಂತ. ನಾನು ಅವ್ಳಿಗೆ ತಲೆ ಕೆಟ್ಟದೆ ಅನ್ಕೊಂಡಿದ್ದೆ," ಎಂದು ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ವಿಭೂತಿ ಎಳೆದರು. ಮೂಢನಂಬಿಕೆಯ ಪಾಠ ಹೇಳುವ ಟೀಚರು ದಾರದ ತುದಿ ಹಿಡಿದುಕೊಂಡು ನಿಂತಿದ್ದರು.

ಆ ಭಾನುವಾರ ನಮ್ಮವರು ಮನೆಯಲ್ಲಿದ್ದರು. ಅತ್ತೆ ಸ್ನಾನಕ್ಕೆ ಹೋಗಿ ಬಹಳ ಹೊತ್ತಾಗಿತ್ತು. ಎಂದಿನಂತೆ ಮಾತು ಕೇಳಿಸುತ್ತಿತ್ತು. ನಾನು ಅಕ್ಕಿ ಆರಿಸುತ್ತ ಕೇಳದವಳಂತೆ ಕೂತಿದ್ದೆ. ಆಗ ಅತ್ತೆ ಸ್ಪಷ್ಟವಾಗಿ, ಸಲಿಗೆಯಿಂದ, "ಇರಕ್ಕ, ಬಂದೆ" ಎಂದರು.

ಆಮೇಲೆ ನೀರು ಬೀಳುವ ಸದ್ದು ಮಾತ್ರ. ನಾನು ಮೊರ ಎಸೆದು ಬಾಗಿಲು ಬಡಿದೆ. "ಅತ್ತೆ! ಅತ್ತೆ!" ಉತ್ತರವಿಲ್ಲ. ನಮ್ಮವರು "ಏಮಾಯ್ತೇ?" ಎಂದು ಪಾವಗಡದಲ್ಲಿ ಅಂಟಿದ ಅರ್ಧ ತೆಲುಗಿನಲ್ಲೇ ಓಡಿಬಂದು ಭುಜ ಕೊಟ್ಟು ಗುದ್ದಿದರು. ಚಿಲಕ ಕಿತ್ತು ಬಂತು. ಹಬೆಯ ನಡುವೆ ಅತ್ತೆ ಗೋಡೆಗೊರಗಿ ಕುಸಿದಿದ್ದರು. ಕೆನ್ನೆ ದಾಸವಾಳದ ಹಾಗೆ ಕೆಂಪು, ತುಟಿಯಲ್ಲಿ ನಗು ಹಾಗೇ ಇತ್ತು. ಕಿಂಡಿಯಲ್ಲಿ ಹಳದಿ ಬೆಂಕಿ ಕುಣಿಯುತ್ತಿತ್ತು. ಸೀರೆ ಸುತ್ತಿ ಅಂಗಳಕ್ಕೆ ಎಳೆದುಕೊಂಡು ಬಂದೆವು. "ಅಮ್ಮ, ಕಣ್ಣು ಬುಡಮ್ಮ" ಎಂದು ನಮ್ಮವರು ಮಗುವಿನ ಹಾಗೆ ಅಳುತ್ತಿದ್ದರು. ಗಾಳಿ ತಗುಲಿದ ಮೇಲೆ ಅತ್ತೆ ಉಸಿರೆಳೆದುಕೊಂಡು ಕೆಮ್ಮಿದರು.

ಆಸ್ಪತ್ರೆಯ ಡಾಕ್ಟರು ಆಕ್ಸಿಜನ್ ಹಾಕಿಸಿ, ನಮ್ಮನ್ನು ಪಕ್ಕಕ್ಕೆ ಕರೆದು, "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯೇನಮ್ಮ? ಕಿಟಕಿ ತೆಗೆದಿತ್ತಾ?" ಎಂದು ಕೇಳಿದರು. ನಾನು ಕೋತಿಯ ವಿಷಯ ಹೇಳಿದೆ. ಗಾಳಿಯಿಲ್ಲದೆ ಬೆಂಕಿ ಅರೆಬರೆ ಉರಿದರೆ ವಾಸನೆಯೇ ಇಲ್ಲದ ವಿಷಗಾಳಿ ಹುಟ್ಟುತ್ತದೆ, ಅದು ರಕ್ತಕ್ಕೆ ಸೇರಿದರೆ ತಲೆ ಸುತ್ತುತ್ತದೆ, ಇಲ್ಲದ ಜನ ಕಾಣಿಸುತ್ತಾರೆ, ಇಲ್ಲದ ಮಾತು ಕೇಳಿಸುತ್ತದೆ ಎಂದರು. "ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು."

ಅಂದೇ ಗಿರಿಜಮ್ಮ ಅಳುತ್ತಳುತ್ತಲೇ ಹಲಗೆ ಕೀಳಿಸಿದರು. ಬಾಯ್ಲರು, ಸಿಲಿಂಡರು ಎರಡೂ ಹೊರಗಿನ ಗೋಡೆಗೆ ಹೋದವು. ನಾನು ದೆವ್ವಕ್ಕೆ ರಾಸಾಯನಿಕ ಕಾರಣ ಸಿಕ್ಕಿದ ಸಮಾಧಾನದಲ್ಲಿ ಮನೆಗೆ ಬಂದ ಅತ್ತೆಗೆ ಎಲ್ಲವನ್ನೂ ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, "ಹಂಡೆ ತೂತಾಗಿದ್ದು ಗ್ಯಾಸಿಗೆ ಹೆಂಗೆ ಗೊತ್ತಾಯ್ತು?" ಎಂದರು. ಅದೊಂದನ್ನು ಇತ್ಯರ್ಥ ಮಾಡಿಬಿಡೋಣವೆಂದು ನಮ್ಮವರು ಸಿರಾಕ್ಕೆ, ದೊಡ್ಡಮ್ಮನ ಮಗನಿಗೆ, ಫೋನು ಮಾಡಿದರು. ಫೋನು ಇಟ್ಟ ಕೂಡಲೇ ನಾನು "ಏನಂದರು?" ಎಂದೆ. "ತಂದ ವರ್ಷವೇ ಅಡಿ ತೂತಾಯ್ತಂತೆ. ನಮ್ಮಮ್ಮಂಗೆ ಹೇಳ್ಬೇಡ ಅಂದಿದ್ಲಂತೆ ದೊಡ್ಡಮ್ಮ." ಅತ್ತೆ ಎಂದೋ ಯಾರ ಬಾಯಲ್ಲೋ ಕೇಳಿ ಮರೆತಿರಬೇಕು ಎಂದೆ. ಇರಬೇಕು. ನನ್ನ ಬೆನ್ನು ಮಾತ್ರ ಅದನ್ನು ಇನ್ನೂ ಪೂರ್ತಿ ಒಪ್ಪಿಲ್ಲ.

ಈಗ ಬಚ್ಚಲಿನಲ್ಲಿ ಬೆಳಕು, ಗಾಳಿ ಎಲ್ಲ ಇದೆ. ನೀರು ಮಾತ್ರ ಮೊದಲಿನ ಹಾಗೇ, ಅದರ ಮನಸ್ಸು ಬಂದಂತೆ. ಅಕ್ಕ ಬರುವುದು ನಿಂತುಹೋಗಿದೆ. ಅತ್ತೆ ಚಿಲಕ ಹಾಕುವ ಹಾಗಿಲ್ಲ. ನಾನು ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತು, "ಅತ್ತೆ, ಇದ್ದೀರಾ? ತಲೆ ಸುತ್ತುತ್ತಾ? ಅತ್ತೆ, ಮಾತಾಡಿ" ಎಂದು ಸ್ನಾನ ಮುಗಿಯುವವರೆಗೂ ಕೇಳುತ್ತಿರುತ್ತೇನೆ. ಮೊನ್ನೆ ಗಿರಿಜಮ್ಮ ಬಂದು, "ಈಗೇನೂ ಕಾಟ ಇಲ್ವಲ್ಲಮ್ಮ ಬಚ್ಚಲಲ್ಲಿ?" ಎಂದು ವಿಚಾರಿಸಿದರು. ಅತ್ತೆ ತಲೆ ಒರೆಸಿಕೊಳ್ಳುತ್ತ, "ಮೊದ್ಲು ಬರ್ತಿದ್ದೋಳು ಒಳ್ಳೇಳು ಕಣಮ್ಮ, ನಾಕು ಮಾತಾಡಿ ಹೋಗೋಳು. ಈಗ ಬರೋದು ಬೇರೆ ದನಿ. ಎಷ್ಟು ಉತ್ರ ಕೊಟ್ರೂ ಬುಡಾಕಿಲ್ಲ," ಎಂದು ನನ್ನ ಕಡೆ ನೋಡದೆ ಒಳಗೆ ಹೋದರು.